ನೋವಿನ ಬಾಗಿಲು

ನಮ್ಮ ಮಹಾಲಿಂಗಪುರ ನೇಕಾರರ ಊರು. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಬೆಳಗಿನಿಂದ ಬೈಗಿನವರೆಗೆ ಲಾಳಿ ಓಡಿಸುತ್ತಿದ್ದ ಹಿರಿಯರಿಗೆ ಸೊಂಟನೋವು ಮನೆಯ ನಂಟನಂತೆ. ರಾತ್ರಿ ನನ್ನ ತಂದೆ ಬೋರಲು ಮಲಗಿದರೆ ತಾಯಿ ಅಂಗೈಯಿಂದ ಅವರ ಬೆನ್ನು ತಿಕ್ಕುತ್ತಿದ್ದರು. ತುಸು ಹೊತ್ತಿನಲ್ಲಿ ನರಳಿಕೆ ನಿಲ್ಲುತ್ತಿತ್ತು. ನಾನು ಮಗ್ಗ ಬಿಟ್ಟು ಪುಸ್ತಕ ಹಿಡಿದೆ. ನೋವು ಮಾತ್ರ ಪಿತ್ರಾರ್ಜಿತವಾಗಿ ಬಂದಿತು.

ಈಚೆಗೆ ತರುಣ ಚಿಕಿತ್ಸಕರೊಬ್ಬರು ನನ್ನ ಸೊಂಟಕ್ಕೆ ಅಂಟುಪಟ್ಟಿಗಳನ್ನು ಹಚ್ಚಿ, ಅಂಗೈಯಗಲದ ಪೆಟ್ಟಿಗೆಯೊಂದರ ಗುಂಡಿ ತಿರುಗಿಸಿದರು. "ಇರುವಿ ಹರದ್ಹಾಂಗ ಆಗ್ತೈತ್ರಿ ಸರ್, ಅಂಜಬ್ಯಾಡ್ರಿ" ಎಂದರು. ಹಾಗೆಯೇ ಆಯಿತು. ಅದರ ಹೆಸರು ಟೆನ್ಸ್. ಚರ್ಮದ ಮೇಲಿನಿಂದಲೇ ನರಗಳಿಗೆ ಮೆಲುವಿದ್ಯುತ್ತನ್ನು ಮುಟ್ಟಿಸುವ ಯಂತ್ರ.

ಯಂತ್ರ ಹೊಸತು, ಉಪಾಯ ಬಹು ಹಳೆಯದು. ಕ್ರಿ. ಶ. ಮೊದಲನೆಯ ಶತಮಾನದಲ್ಲಿ ರೋಮಿನ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್, ಕೀಲುವಾತದವನು ಮುಟ್ಟಿದರೆ ಜುಮ್ಮೆನಿಸುವ ತೊರಕೆ ಜಾತಿಯ ಜೀವಂತ ಮೀನಿನ ಮೇಲೆ, ಕಾಲು ಮರಗಟ್ಟುವವರೆಗೂ ಪಾದವಿಟ್ಟು ನಿಲ್ಲಬೇಕೆಂದು ಬರೆದಿಟ್ಟಿದ್ದಾನೆ. ವಿದ್ಯುತ್ತೆಂಬ ಹೆಸರೇ ಹುಟ್ಟದ ಕಾಲವದು! ಹದಿನೆಂಟನೆಯ ಶತಮಾನದಲ್ಲಿ ಘರ್ಷಣೆಯಿಂದ ವಿದ್ಯುತ್ ಹುಟ್ಟಿಸುವ ಯಂತ್ರಗಳು ಬಂದವು. ಧರ್ಮೋಪದೇಶಕ ಜಾನ್ ವೆಸ್ಲಿಯೇ 1760ರಲ್ಲಿ ಈ ಚಿಕಿತ್ಸೆಯ ಮೇಲೊಂದು ಪುಸ್ತಕ ಬರೆದ. ಮುಂದೆ ಸರ್ವರೋಗಹರವೆಂದು ಸಾರುವ ಪೆಟ್ಟಿಗೆಗಳು ಸಂತೆಯ ಸರಕಾದವು, ವೈದ್ಯರು ಮುಖ ತಿರುವಿದರು.

ಅದಕ್ಕೆ ಮಾನ ಮರಳಿದ್ದು 1965ರಲ್ಲಿ. ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಹೇಳಿದ್ದಿಷ್ಟು: ನೋವಿನ ಸುದ್ದಿ ಸಣ್ಣ ನರತಂತುಗಳಲ್ಲಿ ಬರುತ್ತದೆ, ಸ್ಪರ್ಶದ ಸುದ್ದಿ ದಪ್ಪ ತಂತುಗಳಲ್ಲಿ. ಬೆನ್ನುಹುರಿಯಲ್ಲಿ ಬಾಗಿಲಿನಂತಹದೊಂದು ಏರ್ಪಾಡಿದೆ. ಸ್ಪರ್ಶದ ಸುದ್ದಿ ಹೆಚ್ಚಿದರೆ ಅದು ನೋವಿಗೆ ಮುಚ್ಚಿಕೊಳ್ಳುತ್ತದೆ. ಅವರ ನಕ್ಷೆಯ ವಿವರಗಳನ್ನು ಅನಂತರದವರು ತಿದ್ದಿದ್ದಾರೆ, ಮೂಲಕಲ್ಪನೆ ಉಳಿದಿದೆ. ಇದನ್ನೋದಿದಾಗ ನನಗೆ ನೆನಪಾದದ್ದು ತಾಯಿಯ ಅಂಗೈ. ಸೆಕೆಂಡಿಗೆ ಎಂಬತ್ತು, ನೂರು ಬಾರಿ ಮಿಡಿಯುವ ಯಂತ್ರ ಎಬ್ಬಿಸುವುದು ಅದೇ ದಪ್ಪ ತಂತುಗಳನ್ನು.

1967ರಲ್ಲಿ ವಾಲ್ ಮತ್ತು ಸ್ವೀಟ್ ಎಂಬವರು ರೋಗಿಗಳ ಮೇಲೆ ಇದನ್ನು ಪ್ರಯೋಗಿಸಿ ನೋಡಿದರು. ಅದೇ ವರ್ಷ ಅಮೆರಿಕದ ಶಸ್ತ್ರವೈದ್ಯ ನಾರ್ಮನ್ ಶೀಲಿ ಬೆನ್ನುಹುರಿಯ ಬಳಿಯೇ ವಿದ್ಯುತ್ ತಂತಿಯನ್ನಿರಿಸುವ ಶಸ್ತ್ರಕ್ರಿಯೆ ನಡೆಸಿದ. ಅದು ಯಾರಿಗೆ ಒಗ್ಗೀತೆಂದು ತಿಳಿಯಲು ಮೊದಲು ಚರ್ಮದ ಮೇಲೆ ಪರೀಕ್ಷಿಸುತ್ತಿದ್ದರು. ಕೆಲವರಿಗೆ ಆ ಪರೀಕ್ಷೆಯಲ್ಲೇ ನೋವು ತಗ್ಗಿತು! ಹೀಗೆ ಪರೀಕ್ಷೆಯೇ ಚಿಕಿತ್ಸೆಯಾಯಿತು.

ಇದು ಎಲ್ಲರಿಗೂ ಫಲಿಸದು, ಸಂಶೋಧಕರಲ್ಲಿಯೂ ಒಮ್ಮತವಿಲ್ಲ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ವೈದ್ಯರನ್ನು ಕೇಳದೆ ಇದರ ಗೊಡವೆಗೆ ಹೋಗಬಾರದು. ನೋವಿನ ಮೂಲವನ್ನಂತೂ ಇದು ಮುಟ್ಟುವುದಿಲ್ಲ. ಪಟ್ಟಿ ಬಿಚ್ಚಿದ ಎರಡು ತಾಸಿಗೆ ನನ್ನ ಸೊಂಟ ಮತ್ತೆ ಮಾತಾಡತೊಡಗಿತು. ನನಗಾದರೆ ಒರಗಲು ಆರಾಮಕುರ್ಚಿಯಿತ್ತು. ತಂದೆ ಬೆಳಗಾದೊಡನೆ ಮತ್ತೆ ಕುಣಿಗಿಳಿಯುತ್ತಿದ್ದರು.