ಹೊರಸಂಚಾರ (ಶಾಲಾ ಶಿಕ್ಷಣದಲ್ಲಿ)

ಪಾಠದ ವಸ್ತುವನ್ನು ಅದಿರುವ ನೆಲೆಯಲ್ಲಿಯೇ ವಿದ್ಯಾರ್ಥಿಗಳು ಪ್ರತ್ಯಕ್ಷವಾಗಿ ಕಂಡು ಪರಿಶೀಲಿಸುವಂತೆ ಶಾಲೆಯು ಏರ್ಪಡಿಸುವ ಅಧ್ಯಯನಕ್ರಮ. ವರ್ಷಕ್ಕೊಮ್ಮೆ ದೂರದ ಊರುಗಳಿಗೆ ಕೈಗೊಳ್ಳುವ ಶೈಕ್ಷಣಿಕ ಪ್ರವಾಸಕ್ಕೂ, ಬಸ್ಸು ಹೊರಟೊಡನೆ ಅಂತ್ಯಾಕ್ಷರಿಯೂ ಹೊರಡುವ ವಿಹಾರಕ್ಕೂ ಇದಕ್ಕೂ ಭೇದವುಂಟು. ಶಾಲೆಯ ಹೊರಗಿನ ಬದುಕಿನೊಡನೆ ಜ್ಞಾನವನ್ನು ಜೋಡಿಸಬೇಕೆಂಬುದನ್ನು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ತನ್ನ ಮಾರ್ಗದರ್ಶಕ ತತ್ತ್ವಗಳಲ್ಲಿ ಮೊದಲನೆಯದಾಗಿ ಇರಿಸಿದೆ.

ದಕ್ಷಿಣ ಬೆಂಗಳೂರಿನ ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳ ಶಾಲೆಗಳಿಗೆ ಬನ್ನೇರುಘಟ್ಟದ ಜೈವಿಕ ಉದ್ಯಾನ, ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ, 1989ರಲ್ಲಿ ತೆರೆದ ಜವಾಹರಲಾಲ್ ನೆಹರು ತಾರಾಲಯ, ಇವು ವಾಡಿಕೆಯ ತಾಣಗಳು. ಇವೆಲ್ಲಕ್ಕಿಂತಲೂ ಸಮೀಪದಲ್ಲಿದ್ದು, ಬಹುಶಃ ಸಮೀಪದಲ್ಲಿರುವ ಕಾರಣದಿಂದಲೇ ಪಠ್ಯದೃಷ್ಟಿಗೆ ಸಾಕಷ್ಟು ಬೀಳದಿರುವುದು ಲಾಲ್‌ಬಾಗಿನ ಬಂಡೆ.

ಹೈದರಾಲಿಯು 1760ರಲ್ಲಿ ಆರಂಭಿಸಿದ ತೋಟದೊಳಗಿನ ಈ ಬಂಡೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಸುಮಾರು 300 ಕೋಟಿ ವರ್ಷಗಳಷ್ಟು ಪ್ರಾಚೀನವೆನ್ನಲಾದ, ದಕ್ಷಿಣ ಭಾರತದ ಬಹುಭಾಗಕ್ಕೆ ತಳಹದಿಯಾಗಿರುವ ಈ ನೈಸ್ ಶಿಲೆಗೆ ‘ಪೆನಿನ್ಸುಲರ್ ನೈಸ್’ ಎಂಬ ಹೆಸರನ್ನು 1916ರಲ್ಲಿ ಇತ್ತವರು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು.ಎಫ್. ಸ್ಮೀತ್. ಬಿಸಿಲೇರುವ ಮುನ್ನ ಮಕ್ಕಳನ್ನು ಬಂಡೆಯ ಮೇಲೆ ಕುಳ್ಳಿರಿಸಿದರೆ, ಬೆಣಚು ಮತ್ತು ಫೆಲ್ಡ್‌ಸ್ಪಾರುಗಳ ಬಿಳಿಯ ಪಟ್ಟೆಯೂ ಕಾಗೆಬಂಗಾರದ ಜಾತಿಗೆ ಸೇರಿದ ಬಯೊಟೈಟಿನ ಕರಿಯ ಪಟ್ಟೆಯೂ ಅವರ ಅಂಗೈಯಡಿಯಲ್ಲಿಯೇ ಕಾಣಸಿಗುವುವು. ಪಟ್ಟೆಗಳನ್ನು ಕತ್ತರಿಸಿ ಹಾಯ್ದಿರುವ ಶಿಲಾನಾಳವು ಅವುಗಳಿಗಿಂತ ಕಿರಿಯದು, ಶಿಲೆಯೊಳಗೆ ಸಿಕ್ಕಿಕೊಂಡಿರುವ ಅನ್ಯಶಿಲೆಯ ತುಣುಕು ಅದಕ್ಕಿಂತ ಹಿರಿಯದು ಎಂಬ ತರ್ಕವನ್ನು, ಉಪಾಧ್ಯಾಯರು ಉತ್ತರವನ್ನು ಮೊದಲೇ ಹೇಳಿಬಿಡದಿದ್ದಲ್ಲಿ, ಏಳನೆಯ ತರಗತಿಯ ವಿದ್ಯಾರ್ಥಿಯು ತಾನೇ ಕಟ್ಟಬಲ್ಲನು. ಪರಂಪರೆಯು ಕೆಂಪೇಗೌಡರ ಮನೆತನಕ್ಕೆ ಸಲ್ಲಿಸುವ ಗೋಪುರವೂ ಅದೇ ಬಂಡೆಯ ನೆತ್ತಿಯಲ್ಲಿರುವುದರಿಂದ, ಶತಮಾನಗಳ ಗಣನೆ ಮತ್ತು ಕೋಟಿ ವರ್ಷಗಳ ಗಣನೆ ಎರಡೂ ಅಲ್ಲಿ ಒಂದೇ ನೋಟಕ್ಕೆ ಒದಗುತ್ತವೆ; ಇತಿಹಾಸ ಮತ್ತು ಭೂವಿಜ್ಞಾನಗಳನ್ನು ಬೇರೆ ಬೇರೆ ಪೀರಿಯಡ್ಡುಗಳಲ್ಲಿ ಕಲಿಸುವ ವೇಳಾಪಟ್ಟಿಗೆ ಇದು ಸಾಧ್ಯವಿಲ್ಲ.

ಪೋಷಕರ ಒಪ್ಪಿಗೆ ಪತ್ರ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಕುಡಿಯುವ ನೀರು ಇತ್ಯಾದಿ ಏರ್ಪಾಡುಗಳು ಎಲ್ಲೆಡೆಯೂ ಒಂದೇ ಬಗೆಯವು. ಹೊರಸಂಚಾರದ ಫಲವಾದರೋ ಮುನ್ನಾದಿನ ಕೇಳಿದ ಪ್ರಶ್ನೆಯನ್ನೂ ಮರುದಿನ ಬರೆಸಿದ ಟಿಪ್ಪಣಿಯನ್ನೂ ಬಹುಮಟ್ಟಿಗೆ ಅವಲಂಬಿಸಿರುವಂತೆ ತೋರುತ್ತದೆ. ಇವೆರಡೂ ಇಲ್ಲದ ದೂರಪ್ರಯಾಣಕ್ಕಿಂತ, ಇವೆರಡನ್ನೂ ಒಳಗೊಂಡು ಜಯನಗರದಿಂದ ನಡೆದೇ ಹೋಗಬಹುದಾದ ಅರ್ಧದಿನದ ಸಂಚಾರವು ಮೇಲು. ಬಂಡೆಯು ಸಂರಕ್ಷಿತ ಸ್ಮಾರಕವಾದುದರಿಂದ ಚೂರನ್ನೂ ಒಡೆಯಲಾಗದು. ಉಪಾಧ್ಯಾಯರು ಸುತ್ತಿಗೆಯನ್ನು ಶಾಲೆಯಲ್ಲಿಯೇ ಬಿಟ್ಟು, ಮಕ್ಕಳ ಕೈಗೆ ಭೂತಗನ್ನಡಿಯನ್ನೂ ನೋಟ್‌ಪುಸ್ತಕವನ್ನೂ ಕೊಟ್ಟು ಕರೆದೊಯ್ಯತಕ್ಕದ್ದು.