ಟಾಂಟಾಂ ಮತ್ತು ಟಂಟಂ: ಜಮಖಂಡಿ ಸೀಮೆಯ ಎರಡು ಶಬ್ದಗಳ ಚರಿತ್ರೆ

ಜಮಖಂಡಿಯಿಂದ ಮುಧೋಳಕ್ಕೋ ಬನಹಟ್ಟಿಗೋ ಹೊರಟವರಿಗೆ ಬಸ್ಸು ತಪ್ಪಿದರೆ ‘ಟಂಟಂ ಹತ್ತಿ ಹೋಗ್ರಿ’ ಅನ್ನುತ್ತಾರೆ. ಮನೆಯ ಮಾತನ್ನು ಊರೆಲ್ಲ ಹಬ್ಬಿಸಿದವನನ್ನು ಕಂಡರೆ ‘ಟಾಂಟಾಂ ಹೊಡಕೋಂತ ಹೊಂಟಾನ’ ಅನ್ನುತ್ತಾರೆ. ಒಂದು ಮೂರು ಗಾಲಿಯ ಬಾಡಿಗೆ ಗಾಡಿ, ಇನ್ನೊಂದು ಡಂಗುರ. ನಡುವೆ ಇರುವುದು ಸ್ವರದ ದೀರ್ಘವೊಂದೇ. ಹೀಗಾಗಿ ಎರಡನ್ನೂ ಒಂದೇ ಸದ್ದಿನ ಮಕ್ಕಳೆಂದು ತಿಳಿಯುವವರೇ ಹೆಚ್ಚು. ಇವುಗಳ ವಂಶ ಬೇರೆ ಬೇರೆ ಎಂಬುದು ನನ್ನ ವಾದ.

ಟಾಂಟಾಂ ಇಂಗ್ಲಿಷಿನಿಂದ ನಮಗೆ ಬಂದದ್ದೆಂದು ಕಾಣುತ್ತದೆ. ಇಂಗ್ಲಿಷಿಗೆ ಅದು ಸಿಕ್ಕಿದ್ದು ನಮ್ಮ ನೆಲದಲ್ಲೇ. ಯೂಲ್ ಮತ್ತು ಬರ್ನೆಲ್ ಅವರ ಆಂಗ್ಲೋ-ಇಂಡಿಯನ್ ಪದಕೋಶ ‘ಹಾಬ್ಸನ್-ಜಾಬ್ಸನ್’ (1886) ಈ ಪದ ಭಾರತದ್ದೆಂದು ಹೇಳಿ, 1693ರ ಮದ್ರಾಸಿನ ಒಂದು ಆದೇಶವನ್ನು ತೋರಿಸುತ್ತದೆ: ಮರುದಿನ ಬೆಳಗ್ಗೆ ಕರಿಯರ ಪೇಟೆಯ ಬೀದಿಬೀದಿಯಲ್ಲಿ ಟಾಂಟಾಂ ಬಾರಿಸಬೇಕು ಎಂದು. ಅಂದರೆ ಪದ ಕಾಗದಕ್ಕೆ ಇಳಿದ ಹೊತ್ತಿಗೇ ಅದರ ಕೆಲಸ ನಿಗದಿಯಾಗಿತ್ತು. ಅದು ಸಂಗೀತದ ವಾದ್ಯವಾಗಿ ಅಲ್ಲ, ಸರಕಾರದ ಬಾಯಾಗಿ ದಾಖಲಾಯಿತು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯೂ ಸ್ಥಿರಾಸ್ತಿಯ ಜಪ್ತಿ ಆದೇಶವನ್ನು ಡೋಲು ಬಾರಿಸಿಯೋ ರೂಢಿಯ ಬೇರೆ ಬಗೆಯಿಂದಲೋ ಸಾರಬೇಕೆಂದು ವಿಧಿಸಿತು. ಸಾಲಗಾರನ ಮನೆ ಮುಂದೆ ಟಾಂಟಾಂ ಆಯಿತೆಂದರೆ ಮಾನ ಹೋಯಿತು ಎಂಬ ಅರ್ಥದ ನೆರಳು ಈ ಪದಕ್ಕೆ ಅಂಟಿದ್ದರಲ್ಲಿ ಆಶ್ಚರ್ಯವಿಲ್ಲ.

ಇಲ್ಲೊಂದು ನಷ್ಟವೂ ಆಗಿದೆ, ಅದನ್ನು ಹೇಳಲೇಬೇಕು. ಈ ಸೀಮೆಯ ಕಿವಿಗೆ ಹಲಗಿ ಬೇರೆ, ಡೊಳ್ಳು ಬೇರೆ, ಸಮಾಳ ಬೇರೆ, ಕರಡಿ ಮಜಲಿನ ಕರಡಿ ಬೇರೆ. ಪರದೇಶದ ಕಿವಿ ಇವನ್ನೆಲ್ಲ ಒಂದೇ ‘ಟಾಂಟಾಂ’ ಮಾಡಿತು. ಡಂಗುರಕ್ಕೆ ಹಲಗಿ ಬಾರಿಸುವ ಹೊಣೆ ಜಾತಿಯ ಕಟ್ಟಿನಿಂದ ದಲಿತ ಕೇರಿಯ ಮೇಲೆ ಬಿದ್ದಿತ್ತು. ಕಚೇರಿಯ ಕಾಗದದಲ್ಲಿ ‘ಟಾಂಟಾಂ ಮೂಲಕ ಪ್ರಚಾರ’ ಎಂದು ಬರೆದಾಗ ವಾದ್ಯದ ಹೆಸರೂ ಉಳಿಯಲಿಲ್ಲ, ಬಾರಿಸಿದ ಕೈಯೂ ಉಳಿಯಲಿಲ್ಲ.

ಇನ್ನು ಟಂಟಂ. ಇದು ಎಂಜಿನ್ನಿನ ಸದ್ದು ಎಂದು ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ಎಂಜಿನ್ನಿಗಿಂತ ಮೊದಲೇ ಈ ಹೆಸರಿನ ಗಾಡಿಯಿತ್ತು. ಹಾಬ್ಸನ್-ಜಾಬ್ಸನ್‌ನಲ್ಲಿ ‘ಟಮ್‌ಟಮ್’ ಎಂದರೆ ಕುದುರೆ ಕಟ್ಟುವ ಹಗುರ ಗಾಡಿ. 1903ರಲ್ಲಿ ಆ ಗ್ರಂಥವನ್ನು ಪರಿಷ್ಕರಿಸಿದ ವಿಲಿಯಂ ಕ್ರೂಕ್ ಇದನ್ನು ಇಂಗ್ಲಿಷಿನ ‘ಟ್ಯಾಂಡೆಮ್’ನ ರೂಪಾಂತರವೆಂದರು. ಟ್ಯಾಂಡೆಮ್ ಮೂಲತಃ ಲ್ಯಾಟಿನ್. ‘ಕೊನೆಗೂ’ ಎಂಬುದು ಅದರ ಅರ್ಥ. ಇಂಗ್ಲಿಷಿನಲ್ಲಿ ಅದನ್ನು ‘ಉದ್ದಕ್ಕೆ’ ಎಂದು ಶ್ಲೇಷೆಯಾಗಿಸಿ, ಒಂದರ ಹಿಂದೊಂದು ಕುದುರೆ ಹೂಡಿದ ಗಾಡಿಗೆ ಹೆಸರಿಟ್ಟರು. ಬಿಹಾರದಲ್ಲಿ ಇಂದಿಗೂ ಕುದುರೆಗಾಡಿ ‘ಟಮಟಮ’ವೇ. ಮರಾಠಿಯಲ್ಲೂ ಪದ ಬಳಕೆಯಲ್ಲಿದೆ. ಪಟವರ್ಧನರ ಜಮಖಂಡಿ, ಘೋರ್ಪಡೆಯವರ ಮುಧೋಳ ಸಂಸ್ಥಾನಗಳು 1948ರಲ್ಲಿ ಮುಂಬೈ ಪ್ರಾಂತಕ್ಕೆ ಸೇರಿ, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದವು. ಮರಾಠಿಯೊಡನೆ ಇಷ್ಟು ನಂಟಿದ್ದ ನೆಲಕ್ಕೆ ಗಾಡಿಯ ಹೆಸರು ಆ ದಾರಿಯಿಂದ ಬಂದಿತೆನ್ನುವುದೇ ನನಗೆ ಹೆಚ್ಚು ಒಪ್ಪುವ ವಿವರಣೆ. ಎಂಜಿನ್ನಿನ ಸದ್ದಿನಿಂದಲೇ ಹುಟ್ಟಿದ್ದು ಬೇರೆ ಇದೆ: ಫಟಫಟಿ, ಅಂದರೆ ಮೋಟಾರ್ ಸೈಕಲ್ಲು.

ಹಾಗಾದರೆ ಸದ್ದಿಗೆ ಸಂಬಂಧವೇ ಇಲ್ಲದ ಟ್ಯಾಂಡೆಮ್ ನಮ್ಮಲ್ಲಿ ಸದ್ದಾದದ್ದು ಹೇಗೆ? ಉತ್ತರ ನಮ್ಮ ನುಡಿಗಳ ಸ್ವಭಾವದಲ್ಲಿದೆ. ಧಗಧಗ, ಚಟಚಟ, ದಡದಡ ಎಂದು ಸದ್ದನ್ನು ಜೋಡಿಯಾಗಿ ನುಡಿಯುವುದು ಕನ್ನಡಕ್ಕೆ ಬಹಳ ಹಳೆಯ ರೂಢಿ. 13ನೆಯ ಶತಮಾನದ ಕೇಶಿರಾಜನ ವ್ಯಾಕರಣಕ್ಕೂ ಅನುಕರಣ ಶಬ್ದಗಳು ವಿಚಾರದ ವಸ್ತು. ಮುದುವೊಳಲು, ಅಂದರೆ ಮುಧೋಳದ ರನ್ನನ ಗದಾಯುದ್ಧವನ್ನು ಗಟ್ಟಿಯಾಗಿ ಓದಿದರೆ ಕನ್ನಡ ಸದ್ದಿನಿಂದಲೇ ರಣವನ್ನು ಹೇಗೆ ಕಟ್ಟಬಲ್ಲದು ಎಂಬುದು ಕಿವಿಗೆ ತಿಳಿಯುತ್ತದೆ. ಭಾಷಾವಿಜ್ಞಾನಿ ಎಂ. ಬಿ. ಎಮೆನೋ 1969ರ ಲೇಖನದಲ್ಲಿ, ಇಂಥ ಜೋಡಿ ಅನುಕರಣ ಶಬ್ದಗಳು ದ್ರಾವಿಡ ಮತ್ತು ಇಂಡೋ-ಆರ್ಯನ್ ನುಡಿಗಳೆರಡರಲ್ಲೂ ಹಂಚಿಕೆಯಾಗಿವೆ, ಭಾರತವನ್ನು ಒಂದು ಭಾಷಾವಲಯವೆನ್ನಲು ಇದೂ ಒಂದು ಸಾಕ್ಷಿ ಎಂದು ತೋರಿಸಿದರು. ಈ ವಲಯದ ಕಿವಿಗೆ ಬಿದ್ದ ಟ್ಯಾಂಡೆಮ್ ಟಮಟಮವಾಯಿತು, ನಮ್ಮಲ್ಲಿ ಟಂಟಂ ಆಯಿತು. ಆಮೇಲೆ ಡೀಸೆಲ್ ಗಾಡಿ ಆ ಹೆಸರಿಗೆ ತಕ್ಕ ಸದ್ದನ್ನೂ ಒದಗಿಸಿತು. ಹೆಸರು ಮೊದಲು ಬಂದು, ಅದಕ್ಕೆ ಸದ್ದು ಆಮೇಲೆ ಕೂಡಿದ ಅಪರೂಪದ ಉದಾಹರಣೆ ಇದು.

ಈಗ ಹಲಗಿಯ ಜಾಗಕ್ಕೆ ಮೈಕು ಬಂದಿದೆ. ಕಂದಾಯ ತುಂಬಿರೆಂದೋ, ನೀರು ಬರುವುದಿಲ್ಲವೆಂದೋ, ಹೊಸ ಅಂಗಡಿ ತೆರೆಯಿತೆಂದೋ ಸಾರುವಾಗ ಮೈಕು ಕಟ್ಟುವುದು ಇದೇ ಮೂರು ಗಾಲಿಯ ಗಾಡಿಗೆ. ಮದ್ರಾಸಿನ ಬೀದಿಯಿಂದ ಬಂದ ಒಂದು ಪದ, ಇಂಗ್ಲಿಷರ ಕುದುರೆಗಾಡಿಯಿಂದ ಇಳಿದ ಇನ್ನೊಂದು. ಬನಹಟ್ಟಿಯ ಮಗ್ಗಗಳ ಸಪ್ಪಳದ ನಡುವೆ ಟಂಟಂ ಮೇಲೆ ಟಾಂಟಾಂ ಹೊರಟಿದೆ.