ಕ್ಷಾಮದ ಬೀದಿಯಲ್ಲಿ ಒಬ್ಬ ಚಿತ್ರಕಾರ

1943ರ ಬಂಗಾಳದ ಕ್ಷಾಮದ ಬಗ್ಗೆ ನಮ್ಮಲ್ಲಿ ಹೆಚ್ಚಿನವರು ಶಾಲೆಯಲ್ಲಿ ಓದಿದ್ದು ಒಂದೆರಡು ಸಾಲು ಮಾತ್ರ. ಸತ್ತವರ ಸಂಖ್ಯೆ ಮಾತ್ರ ಸಣ್ಣದಲ್ಲ. ಬ್ರಿಟಿಷ್ ಸರಕಾರವೇ ನೇಮಿಸಿದ ವಿಚಾರಣಾ ಆಯೋಗ 1945ರಲ್ಲಿ ಸುಮಾರು 15 ಲಕ್ಷವೆಂದಿತು. ನಂತರದ ಸಂಶೋಧಕರಲ್ಲಿ ಕೆಲವರು ಇದನ್ನು 30 ಲಕ್ಷದವರೆಗೂ ಒಯ್ಯುತ್ತಾರೆ.

ಇದು ಬರೀ ಮಳೆ ಕೈಕೊಟ್ಟ ಕ್ಷಾಮವಲ್ಲ. 1942ರಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಜಪಾನೀಯರು ಬಂದರೆ ಅವರ ಕೈಗೆ ಏನೂ ಸಿಗಬಾರದೆಂದು ಸರಕಾರ ಕರಾವಳಿ ಜಿಲ್ಲೆಗಳ ಸಾವಿರಾರು ದೋಣಿಗಳನ್ನು ಕಿತ್ತುಕೊಂಡಿತು. ದೋಣಿ ಹೋದ ಮೇಲೆ ಬೆಸ್ತನಿಗೆ ಏನು ಉಳಿಯಿತು? ಅದೇ ವರ್ಷದ ಅಕ್ಟೋಬರಿನಲ್ಲಿ ಮಿಡ್ನಾಪುರಕ್ಕೆ ಚಂಡಮಾರುತ ಬಡಿಯಿತು. ಯುದ್ಧದ ಖರ್ಚು, ವರ್ತಕರ ದಾಸ್ತಾನು ಎರಡೂ ಸೇರಿ ಅಕ್ಕಿಯ ಬೆಲೆ ಗಗನಕ್ಕೇರಿತು. ಅಂಗಡಿಯಲ್ಲಿ ಅಕ್ಕಿ ಇದ್ದರೂ ಕೂಲಿಕಾರನಿಗೆ ಕೊಳ್ಳುವ ಶಕ್ತಿ ಇರಲಿಲ್ಲ. ಆಗ ಬಾಲಕನಾಗಿ ಇದನ್ನು ಕಂಡಿದ್ದ ಅಮರ್ತ್ಯ ಸೇನ್ ಮುಂದೆ 1981ರಲ್ಲಿ ತಮ್ಮ ಗ್ರಂಥದಲ್ಲಿ ಇದನ್ನೇ ವಿವರಿಸಿದರು.

ಹಳ್ಳಿಗಳಿಂದ ಜನ ಗುಂಪುಗುಂಪಾಗಿ ಕಲ್ಕತ್ತೆಗೆ ಬಂದರು. ಅವರು ಅನ್ನ ಕೇಳುತ್ತಿರಲಿಲ್ಲ, ಅನ್ನ ಬಸಿದ ಗಂಜಿ ಕೇಳುತ್ತಿದ್ದರು. ಅಷ್ಟೂ ಸಿಗದೆ ಕಾಲುದಾರಿಯಲ್ಲೇ ಸತ್ತರು. ಹೆಣ, ಹೆಣದ ಪಕ್ಕದಲ್ಲಿ ಕಾಗೆ, ಕಸದ ತೊಟ್ಟಿಯ ಬಳಿ ನಾಯಿಯ ಜೊತೆ ಮನುಷ್ಯ. ನಗರದವರು ಇದನ್ನು ನೋಡಿಯೂ ನೋಡದವರಂತೆ ನಡೆಯುವುದನ್ನು ಕಲಿತುಬಿಟ್ಟರು.

ನೋಡಿ ನಿಂತವರಲ್ಲಿ ಒಬ್ಬರು ಝೈನುಲ್ ಆಬಿದೀನ್. 1914ರ ಡಿಸೆಂಬರಿನಲ್ಲಿ ಮೈಮನ್‌ಸಿಂಗ್ ಪ್ರದೇಶದಲ್ಲಿ ಒಬ್ಬ ಪೊಲೀಸ್ ಅಧಿಕಾರಿಯ ಮನೆಯಲ್ಲಿ ಹುಟ್ಟಿದವರು. ಬ್ರಹ್ಮಪುತ್ರಾ ನದಿಯ ದಂಡೆಯಲ್ಲಿ ಬೆಳೆದವರು. ಮಗನನ್ನು ಕಲ್ಕತ್ತೆಯ ಸರಕಾರಿ ಚಿತ್ರಕಲಾ ಶಾಲೆಗೆ ಕಳಿಸಲು ತಾಯಿ ತನ್ನ ಚಿನ್ನದ ಸರವನ್ನು ಮಾರಿದರೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಆ ತಾಯಿಯನ್ನು ನಾವು ಮರೆಯಬಾರದು. ಮಕ್ಕಳ ಓದಿಗೆ ಒಡವೆ ಮಾರಿದ ತಾಯಂದಿರು ನಮ್ಮ ಕೇರಿಗಳಲ್ಲೂ ಇದ್ದಾರೆ. 1938ರಲ್ಲಿ ಆಬಿದೀನರಿಗೆ ಅಖಿಲ ಭಾರತ ಪ್ರದರ್ಶನದಲ್ಲಿ ಚಿನ್ನದ ಪದಕ ಬಂತು. ಅದು ಬಂದದ್ದು ಬ್ರಹ್ಮಪುತ್ರೆಯ ಸುಂದರ ಜಲವರ್ಣ ಚಿತ್ರಗಳಿಗೆ. ಐದು ವರ್ಷಗಳ ನಂತರ ಅದೇ ಕೈ ಆ ಬಣ್ಣಗಳನ್ನೆಲ್ಲ ಬದಿಗಿಟ್ಟಿತು.

ಯುದ್ಧಕಾಲದಲ್ಲಿ ಒಳ್ಳೆಯ ಕಾಗದ, ಬಣ್ಣ ದುಬಾರಿಯಾಗಿದ್ದವು. ಸಾಮಾನು ಕಟ್ಟುವ ಅಗ್ಗದ ಕಂದು ಕಾಗದ, ಇದ್ದಿಲು ಸುಟ್ಟು ತಯಾರಿಸಿದ ಕರಿಮಸಿ, ಒಂದು ಒಣ ಕುಂಚ, ಇಷ್ಟರಲ್ಲೇ ಅವರು ಕ್ಷಾಮದ ಚಿತ್ರಗಳನ್ನು ಬರೆದರು. ಈ ಚಿತ್ರಗಳಲ್ಲಿ ಕಟ್ಟಡವಿಲ್ಲ, ಆಕಾಶವಿಲ್ಲ. ನಾಲ್ಕಾರು ದಪ್ಪ ಗೆರೆ, ಒಂದು ತಾಯಿ, ಒಂದು ಮಗು, ಒಂದು ಖಾಲಿ ಪಾತ್ರೆ. ಆದರೆ ಆ ಮನುಷ್ಯರು ಎಲ್ಲಿಯೂ ಅಸಹ್ಯವಾಗಿ ಕಾಣುವುದಿಲ್ಲ. ಮೂಳೆಚಕ್ಕಳವಾದ ತಾಯಿಯೂ ತಾಯಿಯೇ ಆಗಿದ್ದಾಳೆ. ಇಂದು ಪರಿಹಾರ ನಿಧಿ ಕೇಳಲು ಹಸಿದ ಮಕ್ಕಳ ಫೋಟೋ ಮುಂದಿಡುವವರು ಒಮ್ಮೆ ಈ ಚಿತ್ರಗಳನ್ನು ನೋಡಬೇಕು.

ಹಸಿದವನಿಗೆ ಚಿತ್ರ ಏಕೆ, ಅಕ್ಕಿ ಕೊಡಬಾರದೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಚಿತ್ರದಿಂದ ಯಾರ ಹೊಟ್ಟೆಯೂ ತುಂಬಲಿಲ್ಲ. ಆದರೆ ಅಂದಿನ ಸರಕಾರಕ್ಕೆ ಕ್ಷಾಮ ಎಂಬ ಮಾತೇ ಬೇಡವಾಗಿತ್ತು. 1943ರ ಆಗಸ್ಟಿನಲ್ಲಿ ಸ್ಟೇಟ್ಸ್‌ಮನ್ ಪತ್ರಿಕೆ ಬೀದಿಯ ಫೋಟೋಗಳನ್ನು ಅಚ್ಚುಹಾಕಿದ ಮೇಲೆ ಹೊರಗಿನವರು ಎಚ್ಚೆತ್ತರು. ಆಬಿದೀನರ ಸಮಕಾಲೀನ ಚಿತ್ತಪ್ರಸಾದ್ ನವೆಂಬರಿನಲ್ಲಿ ಮಿಡ್ನಾಪುರದಲ್ಲಿ ತಿರುಗಾಡಿ, ಕಂಡದ್ದನ್ನು ಬರೆದು, ಚಿತ್ರಿಸಿ ‘ಹಂಗ್ರಿ ಬೆಂಗಾಲ್’ ಎಂಬ ಪುಸ್ತಕ ತಂದರು. ಅದರ 5,000 ಪ್ರತಿಗಳನ್ನು ಸರಕಾರ ಹಿಡಿದು ಸುಟ್ಟಿತು. ಕುಟುಂಬದವರು ಉಳಿಸಿಕೊಂಡಿದ್ದ ಒಂದು ಪ್ರತಿಯಿಂದ 2011ರಲ್ಲಿ ಅದು ಮತ್ತೆ ಅಚ್ಚಾಯಿತು. ನಿಷ್ಪ್ರಯೋಜಕವಾದದ್ದನ್ನು ಯಾರೂ ಸುಡುವುದಿಲ್ಲ.

ಆಬಿದೀನರ ಚಿತ್ರಗಳು 1944ರಲ್ಲಿ ಇಳಾ ಸೇನ್ ಅವರ ಕ್ಷಾಮದ ಪುಸ್ತಕದಲ್ಲಿ ಬಂದವು. ನಾಟಕದವರೂ ಸುಮ್ಮನಿರಲಿಲ್ಲ. 1943ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಇಪ್ಟಾ ಸಂಸ್ಥೆಯ ಬಂಗಾಳದ ತಂಡ ಊರೂರು ತಿರುಗಿ, ಹಾಡಿ, ಆಡಿ ಸಂತ್ರಸ್ತರಿಗಾಗಿ ಹಣ ಕೂಡಿಸಿತು. ಇಪ್ಟಾ ಕಟ್ಟಿದವರಲ್ಲಿ ಒಬ್ಬರಾದ ಅನಿಲ್ ಡಿಸಿಲ್ವಾ ಎಂಬ ಸಿಂಹಳದ ಮಹಿಳೆ ಅದಕ್ಕೆ ಮೊದಲು ನಮ್ಮ ಬೆಂಗಳೂರಿನಲ್ಲಿ ಜನತಾ ರಂಗಭೂಮಿ ನಡೆಸಿದ್ದರು. ಬಿಜನ್ ಭಟ್ಟಾಚಾರ್ಯರ ‘ನಬಾನ್ನ’ ನಾಟಕ 1944ರಲ್ಲಿ ಕಲ್ಕತ್ತೆಯ ರಂಗದ ಮೇಲೆ ಬಂತು. ಹೊಸ ಬೆಳೆಯ ಅನ್ನ ಎಂದು ಆ ಹೆಸರಿನ ಅರ್ಥ. ಕ್ಷಾಮದ ನಾಟಕಕ್ಕೆ ಸುಗ್ಗಿಯ ಹೆಸರು! ಅದರ ಆಧಾರದಲ್ಲೇ ಖ್ವಾಜಾ ಅಹ್ಮದ್ ಅಬ್ಬಾಸ್ 1946ರಲ್ಲಿ ‘ಧರ್ತಿ ಕೆ ಲಾಲ್’ ಚಿತ್ರ ತೆಗೆದರು.

ವಿಭಜನೆಯ ನಂತರ ಆಬಿದೀನ್ ಢಾಕಾಕ್ಕೆ ಹೋದರು. ಅಲ್ಲಿ ಚಿತ್ರಕಲೆ ಕಲಿಸುವ ಒಂದು ಶಾಲೆಯೂ ಇರಲಿಲ್ಲ. ಮುಸ್ಲಿಂ ಸಮಾಜಕ್ಕೆ ಇದೇಕೆ ಎಂಬ ಮಾತುಗಳೂ ಕೇಳಿಬಂದವು. ಅವರು ವಾದಕ್ಕೆ ಹೆಚ್ಚು ಹೊತ್ತು ಕಳೆಯದೆ 1948ರಲ್ಲಿ ಎರಡು ಕೋಣೆಗಳಲ್ಲಿ, ಬೆರಳೆಣಿಕೆಯ ಶಿಕ್ಷಕರೊಂದಿಗೆ ಶಾಲೆ ಆರಂಭಿಸಿದರು. ಆ ಶಾಲೆ ಈಗ ಢಾಕಾ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗ. ಅವರನ್ನು ಜನ ‘ಶಿಲ್ಪಾಚಾರ್ಯ’ ಎಂದು ಕರೆದದ್ದು ಚಿತ್ರಗಳಿಗಾಗಿ ಎಷ್ಟೋ, ಈ ಶಾಲೆಗಾಗಿಯೂ ಅಷ್ಟೇ.

1970 ಅವರ ಬದುಕಿನ ವಿಚಿತ್ರ ವರ್ಷ. ಆ ವರ್ಷದ ಆರಂಭದಲ್ಲಿ ಅವರೂ ‘ನಬಾನ್ನ’ ಎಂದೇ ಹೆಸರಿಟ್ಟು 65 ಅಡಿ ಉದ್ದದ ಸುರುಳಿ ಚಿತ್ರ ಬರೆದರು. ಅದರಲ್ಲಿ ಬಂಗಾಳದ ಹಳ್ಳಿಯ ಸಮೃದ್ಧಿಯೂ ಇದೆ, ಅದು ಬರಿದಾದ ಕಥೆಯೂ ಇದೆ. ಅದೇ ವರ್ಷ ಪ್ಯಾಲೆಸ್ಟೀನ್ ನಿರಾಶ್ರಿತರ ಶಿಬಿರಗಳಿಗೆ ಹೋಗಿ ಅಲ್ಲಿನವರನ್ನು ಚಿತ್ರಿಸಿದರು. ನವೆಂಬರ್ 12ರಂದು ಬಂಗಾಳ ಕೊಲ್ಲಿಯ ಚಂಡಮಾರುತ ಲಕ್ಷಗಟ್ಟಲೆ ಜನರನ್ನು ಬಲಿ ತೆಗೆದುಕೊಂಡಿತು. ಐವತ್ತೈದರ ಅಂಚಿನ ಆಬಿದೀನ್ ಆ ಪ್ರದೇಶಕ್ಕೆ ಹೋಗಿ ಬಂದು ಮತ್ತೆ ಕರಿಮಸಿ ಹಿಡಿದರು. ಮನಪುರ ದ್ವೀಪದ ಹೆಸರಿನ ಸುಮಾರು 30 ಅಡಿಯ ಸುರುಳಿ ಹೀಗೆ ಹುಟ್ಟಿತು.

ಬಾಂಗ್ಲಾದೇಶ ಸ್ವತಂತ್ರವಾದ ಮೇಲೆ ಅದರ ಸಂವಿಧಾನದ ಕೈಬರಹದ ಪ್ರತಿಯನ್ನು ಅಲಂಕರಿಸುವ ಹೊಣೆ ಅವರ ಮೇಲೆ ಬಿತ್ತು. 1975ರಲ್ಲಿ ಸೋನಾರ್‌ಗಾಂವ್‌ನಲ್ಲಿ ಜಾನಪದ ಕಲೆಗಳ ಸಂಗ್ರಹಾಲಯ ಕಟ್ಟಿದರು. ನೇಕಾರರು, ಕುಂಬಾರರು, ಕೌದಿ ಹೊಲಿಯುವ ಹೆಂಗಸರು ಅವರ ಪಾಲಿಗೆ ಕಲಾವಿದರೇ. 1976ರ ಮೇ 28ರಂದು ಅವರು ತೀರಿಕೊಂಡರು. ಅದಕ್ಕೆ ಕೆಲವೇ ದಿನಗಳ ಮೊದಲು ಆಸ್ಪತ್ರೆಯ ಹಾಸಿಗೆಯಲ್ಲಿ ಕಾಗದ ತರಿಸಿಕೊಂಡು, ಅದೇ ದಪ್ಪ ಕಪ್ಪು ಗೆರೆಗಳಲ್ಲಿ ಎರಡು ಮುಖಗಳನ್ನು ಬರೆದಿದ್ದರು.